ಫೋನು ಕೊಳ್ಳುವ ಮುನ್ನ ಕೇಳಬೇಕಾದ ತಾರೀಖು

ನಮ್ಮ ಹಳ್ಳಿ ಮನೆಗಳ ಮೇಜಿನ ಖಾನೆ ಎಳೆದರೆ ಇವತ್ತಿಗೂ ಒಂದು ಜಿಯೋಫೋನ್ ಸಿಕ್ಕೀತು. 2017ರ ಜುಲೈನಲ್ಲಿ ಘೋಷಣೆಯಾಗಿ, 1,500 ರೂಪಾಯಿ ಠೇವಣಿಗೆ ಕೈಸೇರಿದ ಕೀಪ್ಯಾಡ್ ಫೋನು ಅದು. ಅದುವರೆಗೆ ಇಂಟರ್ನೆಟ್ಟಿನ ಗೊಡವೆಗೇ ಹೋಗದಿದ್ದ ಎಷ್ಟೋ ಹಿರಿಯರು ಯಕ್ಷಗಾನವನ್ನೋ ಭಜನೆಯನ್ನೋ ಫೋನಿನಲ್ಲಿ ನೋಡಲು ಶುರುಮಾಡಿದ್ದು ಅದರಲ್ಲೇ. 2018ರಲ್ಲಿ ಅದಕ್ಕೆ ವಾಟ್ಸ್‌ಆ್ಯಪ್ ಬಂದಾಗ, ಪರಊರಿನ ಮೊಮ್ಮಕ್ಕಳ ಫೋಟೊ ಯಾರ ಹಂಗೂ ಇಲ್ಲದೆ ಅಜ್ಜಿಯ ಅಂಗೈಗೆ ಬಂತು. 2024ರ ಜೂನ್‌ನಲ್ಲಿ ಆ ಫೋನಿನ ಆ್ಯಪ್ ಅಂಗಡಿಯಿಂದ ವಾಟ್ಸ್‌ಆ್ಯಪ್ ಹೊರಟುಹೋಯಿತು. ಹೊಸದಾಗಿ ಹಾಕಿಕೊಳ್ಳಲು ಬರುವುದಿಲ್ಲ. ಗುಂಡಿಗಳು ಸವೆದಿಲ್ಲ, ಬ್ಯಾಟರಿ ಬೇಕಾದರೆ ಬದಲಿಸಬಹುದು, ಕರೆ ಮಾಡಿದರೆ ದನಿ ಸ್ಪಷ್ಟ. ಆದರೂ ಮನೆಮಂದಿ ಹೇಳುವುದು ‘ಫೋನು ಹಾಳಾಯ್ತು’ ಎಂದೇ.

ಆ ಫೋನು ಕೆಟ್ಟಿರಲಿಲ್ಲ, ಅದರ ಸುತ್ತಲಿನ ಜಾಲ ಬದಲಾಗಿತ್ತು. ಜಿಯೋಫೋನಿನ ಕಾರ್ಯವ್ಯವಸ್ಥೆಯಾದ ಕೈಓಎಸ್ ಫೈರ್‌ಫಾಕ್ಸ್ ಓಎಸ್‌ನಿಂದ ಹುಟ್ಟಿದ್ದು. ಅದರ 2.5ನೇ ಆವೃತ್ತಿಯೊಳಗೆ ಜಾಲಪುಟಗಳನ್ನು ಓದಿ ತೋರಿಸುವ ಎಂಜಿನ್ 2016ರ ಕಾಲದ್ದು. ಜಾಲತಾಣ ಕಟ್ಟುವವರು ವರ್ಷ ವರ್ಷವೂ ಹೊಸ ವಿಧಾನ ಬಳಸುತ್ತ ಹೋದರು. ಈ ಎಂಜಿನ್ ಇದ್ದಲ್ಲೇ ಉಳಿಯಿತು.

ಇಂಟರ್ನೆಟ್ಟಿಗೆ ಅಂಟಿಕೊಂಡ ಪ್ರತಿಯೊಂದು ವಸ್ತುವಿಗೂ ಈಗ ಎರಡು ಆಯಸ್ಸು. ಒಂದು ಅದರ ಮೈಯದು: ಪರದೆ, ಬ್ಯಾಟರಿ, ಗುಂಡಿ, ಚಾರ್ಜಿಂಗ್ ಪಿನ್. ಇನ್ನೊಂದು ಅದರ ಅಪ್‌ಡೇಟಿನದು. ಮೊದಲನೆಯದನ್ನು ನಾವು ಕಣ್ಣಲ್ಲಿ ನೋಡುತ್ತೇವೆ, ಕೈಯಲ್ಲಿ ಹಿಡಿದು ತೂಗುತ್ತೇವೆ. ಎರಡನೆಯದನ್ನು ಅಂಗಡಿಯಲ್ಲಿ ಕೇಳುವವರೇ ವಿರಳ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ರ‍್ಯಾಮ್ ಎಷ್ಟು ಜಿಬಿ ಎಂದು ವಿಚಾರಿಸುವ ನಾವು, ಈ ಫೋನಿಗೆ ಯಾವ ವರ್ಷ, ಯಾವ ತಿಂಗಳಿನ ತನಕ ಭದ್ರತಾ ಅಪ್‌ಡೇಟ್ ಬರುತ್ತದೆ ಎಂದೂ ಕೇಳಬೇಕು. ಫೋನು ಎಷ್ಟು ದಿನ ಬಾಳುತ್ತದೆ ಎಂಬುದನ್ನು ಬೇರೆ ಯಾವ ಅಂಕಿಗಿಂತ ಹೆಚ್ಚಾಗಿ ಆ ತಾರೀಖು ತೀರ್ಮಾನಿಸುತ್ತದೆ.

ಚೆನ್ನಾಗಿರುವ ಫೋನಿನಲ್ಲಿ ಜಾಲತಾಣ ತೆರೆಯುವುದಿಲ್ಲ, ಯಾಕೆ?

ಬ್ಯಾಂಕಿನ ತಾಣ, ಪಹಣಿ ನೋಡುವ ಭೂಮಿ ತಾಣ, ದಿನಪತ್ರಿಕೆಯ ತಾಣ, ಯಾವುದನ್ನೇ ತೆರೆಯಿರಿ, ಆ ತಾಣ ಮೊದಲು ನಿಮ್ಮ ಫೋನಿಗೆ ಒಂದು ಡಿಜಿಟಲ್ ಪ್ರಮಾಣಪತ್ರ ತೋರಿಸುತ್ತದೆ. ‘ನಾನು ನಿಜವಾಗಿಯೂ ಇಂಥವನೇ’ ಎಂಬುದಕ್ಕೆ ಅದು ಸಾಕ್ಷಿ. ಆ ಸಾಕ್ಷಿಗೆ ಸಹಿ ಹಾಕಿದ ಸಂಸ್ಥೆಯನ್ನು ನಂಬಬಹುದೇ ಎಂದು ಫೋನು ತನ್ನೊಳಗಿನ ಒಂದು ಪಟ್ಟಿಯಲ್ಲಿ ನೋಡಿಕೊಳ್ಳುತ್ತದೆ. ಇದೆಲ್ಲ ಅರೆಕ್ಷಣದ ಕೆಲಸ. ತೊಡಕು ಇರುವುದು ಆ ಪಟ್ಟಿಯಲ್ಲಿ. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಅದು ಕಾರ್ಖಾನೆಯಿಂದ ಬಂದಂತೆಯೇ ಇರುತ್ತದೆ, ಇಡೀ ಸಿಸ್ಟಂ ಅಪ್‌ಡೇಟ್ ಆದರೆ ಮಾತ್ರ ಬದಲಾಗುತ್ತದೆ. ಆಂಡ್ರಾಯ್ಡ್ 14 ಬಂದ ಮೇಲಷ್ಟೇ ಪಟ್ಟಿಯನ್ನು ಬೇರೆಯಾಗಿ ಹೊಸದು ಮಾಡುವ ಅನುಕೂಲ ಒದಗಿತು.

ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಜಗತ್ತಿನ ಕೋಟ್ಯಂತರ ತಾಣಗಳಿಗೆ ಉಚಿತವಾಗಿ ಇಂಥ ಪ್ರಮಾಣಪತ್ರ ಕೊಡುತ್ತದೆ. ಅದು ಆಧರಿಸಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಸೇವೆಯ ಸ್ವಂತ ಮೂಲ ಪ್ರಮಾಣಪತ್ರ 7.1.1ಕ್ಕಿಂತ ಹಿಂದಿನ ಆಂಡ್ರಾಯ್ಡ್ ಪಟ್ಟಿಗಳಲ್ಲಿ ಇರಲೇ ಇಲ್ಲ. ಹಳೆಯ ಫೋನು ಇಟ್ಟುಕೊಂಡವರು ಬಡವರು, ಅವರನ್ನು ಕೈಬಿಡಬಾರದು ಎಂಬ ಕಳಕಳಿಯಿಂದ ಆ ಸೇವೆಯವರು ಮತ್ತೊಂದು ಸಹಿಯ ಏರ್ಪಾಡು ಮಾಡಿ ಇನ್ನೂ ಮೂರು ವರ್ಷ ದಾಟಿಸಿದರು. ಆ ಏರ್ಪಾಡೂ 2024ರ ಸೆಪ್ಟೆಂಬರ್ ಕೊನೆಗೆ ಮುಗಿದಿದೆ. ನಿನ್ನೆಯವರೆಗೆ ತೆರೆಯುತ್ತಿದ್ದ ತಾಣ ಹಳೆಯ ಫೋನಿನಲ್ಲಿ ಇದ್ದಕ್ಕಿದ್ದಂತೆ ಕೆಂಪು ಎಚ್ಚರಿಕೆ ತೋರಿಸುವುದಕ್ಕೆ ಇಂಥ ಕಾರಣಗಳಿವೆ.

ಹೀಗಾದಾಗ ಮೊದಲು ನೋಡಬೇಕಾದ್ದು ಫೋನಿನ ತಾರೀಖು ಮತ್ತು ಗಂಟೆ. ಬ್ಯಾಟರಿ ಪೂರ್ತಿ ಇಳಿದು ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಫೋನೋ ಟ್ಯಾಬ್ಲೆಟ್ಟೋ ಚಾಲೂ ಆದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಪ್ರಮಾಣಪತ್ರಕ್ಕೆ ಶುರುವಿನ ದಿನವೂ ಕೊನೆಯ ದಿನವೂ ಇರುವುದರಿಂದ, ಫೋನು ಅದನ್ನು ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ತಳ್ಳಿಹಾಕುತ್ತದೆ. ಸೆಟ್ಟಿಂಗ್ಸ್‌ನಲ್ಲಿ ತಾರೀಖು ತಾನಾಗಿಯೇ ಸರಿಹೋಗುವ ಆಯ್ಕೆ ಒತ್ತಿದರೆ ಎಷ್ಟೋ ಸಲ ಅಷ್ಟಕ್ಕೇ ಸಮಸ್ಯೆ ಮುಗಿಯುತ್ತದೆ. ರಿಪೇರಿ ಅಂಗಡಿಗೆ ಹೋಗುವ ಮೊದಲು ಇದನ್ನು ಮಾಡಿ ನೋಡಿ. ಮುಂದೆ ಈ ತಕರಾರು ಹೆಚ್ಚಾಗಬಹುದು. ಪ್ರಮಾಣಪತ್ರಗಳ ಗರಿಷ್ಠ ಅವಧಿಯನ್ನು 2026ರ ಮಾರ್ಚ್‌ನಿಂದ 200 ದಿನಕ್ಕೆ, 2029ರ ಮಾರ್ಚ್ ಹೊತ್ತಿಗೆ 47 ದಿನಕ್ಕೆ ಇಳಿಸಲು ಬ್ರೌಸರ್ ತಯಾರಕರೂ ಪ್ರಮಾಣಪತ್ರ ಕೊಡುವವರೂ ಒಪ್ಪಿಕೊಂಡಿದ್ದಾರೆ. ಆಗ ತಾರೀಖು ಕೆಲವು ವಾರ ತಪ್ಪಿದರೂ ತಾಣ ತೆರೆಯದಿರಬಹುದು.

ತಾರೀಖು ಸರಿಯಿದ್ದೂ ಎಚ್ಚರಿಕೆ ಬಂದರೆ, ನಿಮ್ಮ ಫೋನಿಗೆ ಸಿಗುವುದಾದರೆ, ಫೈರ್‌ಫಾಕ್ಸ್ ಹಾಕಿ ನೋಡಬಹುದು. ಅದು ನಂಬಿಕೆಯ ಪಟ್ಟಿಯನ್ನು ತಾನೇ ಹೊತ್ತು ತರುತ್ತದೆ, ಫೋನಿನ ಪಟ್ಟಿಯನ್ನು ನೆಚ್ಚುವುದಿಲ್ಲ. ಆದರೆ ಬ್ಯಾಂಕಿನ ತಾಣದಲ್ಲಿ ಆ ಎಚ್ಚರಿಕೆ ಬಂದಾಗ ‘ಪರವಾಗಿಲ್ಲ, ಮುಂದುವರಿ’ ಎಂಬ ಗುಂಡಿಯನ್ನು ಮಾತ್ರ ಒತ್ತಬೇಡಿ. ಎದುರಿಗಿರುವುದು ಬ್ಯಾಂಕೋ ಕಳ್ಳನೋ ಎಂದು ಹೇಳಲು ಆಗ ಫೋನಿಗೆ ಯಾವ ದಾರಿಯೂ ಇರುವುದಿಲ್ಲ.

ಅಪ್‌ಡೇಟಿನ ಗಡಿಯಾರ ಯಾವಾಗ ಶುರುವಾಗುತ್ತದೆ

ನಿಮ್ಮ ಫೋನು ಈಗ ಎಲ್ಲಿದೆ ಎಂದು ನೋಡುವುದು ಸುಲಭ. ಸೆಟ್ಟಿಂಗ್ಸ್ ತೆರೆದು, ಕೆಳಗಡೆ ‘ಅಬೌಟ್ ಫೋನ್’ ಒತ್ತಿ, ಅದರೊಳಗೆ ಆಂಡ್ರಾಯ್ಡ್ ಆವೃತ್ತಿಗೆ ಹೋಗಿ. ‘ಸೆಕ್ಯುರಿಟಿ ಅಪ್‌ಡೇಟ್’ ಎದುರು ಒಂದು ತಾರೀಖು ಇರುತ್ತದೆ. ಅದು ಮೂರು ನಾಲ್ಕು ತಿಂಗಳ ಹಿಂದಿನದಾದರೆ ಚಿಂತೆಯಿಲ್ಲ. ಒಂದು ವರ್ಷ ದಾಟಿದ್ದರೆ, ಅಪ್‌ಡೇಟ್ ಹುಡುಕುವ ಗುಂಡಿ ಒತ್ತಿ ನೋಡಿ. ‘ನಿಮ್ಮ ಫೋನು ಅಪ್‌ಡೇಟ್ ಆಗಿದೆ’ ಎಂದು ಅದು ಹೇಳಿದರೂ ಎದುರಿನ ತಾರೀಖು ಹಳೆಯದೇ ಆಗಿದ್ದರೆ, ಆ ಮಾಡೆಲನ್ನು ಕಂಪನಿ ಬಹುಶಃ ಕೈಬಿಟ್ಟಿದೆ ಎಂದೇ ತಿಳಿಯಬೇಕು.

ಅದರಿಂದ ಏನು ನಷ್ಟ? 2015ರ ಆಗಸ್ಟ್‌ನಿಂದ ಗೂಗಲ್ ಹೆಚ್ಚುಕಡಿಮೆ ಪ್ರತಿ ತಿಂಗಳೂ ಆಂಡ್ರಾಯ್ಡ್‌ನ ದೋಷಗಳ ಪಟ್ಟಿಯನ್ನೂ ಅವುಗಳ ತಿದ್ದುಪಡಿಯನ್ನೂ ಬಹಿರಂಗವಾಗಿ ಪ್ರಕಟಿಸುತ್ತಿದೆ. ತಿದ್ದುಪಡಿ ಸಿಕ್ಕ ಫೋನು ಭದ್ರ. ಸಿಗದ ಫೋನಿನಲ್ಲಿ ಬಾಗಿಲು ಎಲ್ಲಿ ಮುರಿದಿದೆ ಎಂಬ ವಿವರ ಲೋಕಕ್ಕೆಲ್ಲ ಗೊತ್ತಾಗಿರುತ್ತದೆ. ಅಂಥ ಫೋನಿನಲ್ಲಿ ಹಾಡು ಕೇಳಿ, ಕ್ರಿಕೆಟ್ ನೋಡಿ, ಅಲಾರಂ ಇಟ್ಟುಕೊಳ್ಳಿ. ಬ್ಯಾಂಕ್ ಆ್ಯಪ್ ಮತ್ತು ಯುಪಿಐ ಅದರಲ್ಲಿ ಬೇಡ.

ಈಗ ಕೊಳ್ಳುವ ಮಾತು. ಕಂಪನಿ ‘ನಾಲ್ಕು ವರ್ಷ ಭದ್ರತಾ ಅಪ್‌ಡೇಟ್’ ಎಂದರೆ, ಆ ನಾಲ್ಕು ವರ್ಷದ ಎಣಿಕೆ ಸಾಮಾನ್ಯವಾಗಿ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ನೀವು ಬಿಲ್ ಮಾಡಿಸಿದ ದಿನದಿಂದಲ್ಲ. ದಸರಾ, ದೀಪಾವಳಿಯ ಆಫರುಗಳಲ್ಲಿ ಜನ ಮೋಸಹೋಗುವುದು ಇಲ್ಲೇ. ಒಂದು ಲೆಕ್ಕ ಹಾಕೋಣ. 2023ರ ಜನವರಿಯಲ್ಲಿ ಬಂದ, ನಾಲ್ಕು ವರ್ಷದ ಭರವಸೆಯಿರುವ ಫೋನು 2025ರ ಅಕ್ಟೋಬರ್ ಹಬ್ಬದ ಮಾರಾಟದಲ್ಲಿ 12,000 ರೂಪಾಯಿಗೆ ಸಿಕ್ಕಿತು ಎನ್ನಿ. ಅದಕ್ಕೆ ಉಳಿದಿರುವುದು 15 ತಿಂಗಳು, ಅಂದರೆ ತಿಂಗಳಿಗೆ 800 ರೂಪಾಯಿ ಬಿತ್ತು. ಪಕ್ಕದಲ್ಲೇ 16,000 ರೂಪಾಯಿಯ ಫೋನಿಗೆ ಇನ್ನೂ ಐದು ವರ್ಷ ಬಾಕಿಯಿದ್ದರೆ ತಿಂಗಳಿಗೆ ಸುಮಾರು 267 ರೂಪಾಯಿ. ಅಗ್ಗದ್ದೇ ದುಬಾರಿಯಾಯಿತು. ಹಾಗಾಗಿ ಅಂಗಡಿಯವರನ್ನು ‘ಎಷ್ಟು ಕಡಿಮೆ ಮಾಡ್ತೀರಿ’ ಎನ್ನುವ ಮೊದಲು ‘ಈ ಮಾಡೆಲ್ ಬಂದಿದ್ದು ಯಾವಾಗ’ ಎಂದು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಅಲ್ಲೇ ನಿಂತು ಫೋನಿನಲ್ಲಿ ಮಾಡೆಲ್ ಹೆಸರು ಹಾಕಿ ಹುಡುಕಿ, ಒಂದು ನಿಮಿಷದ ಕೆಲಸ.

ಇನ್ನೊಂದು ಗೋಜಲು ಇದೆ. ‘ಎರಡು ಆಂಡ್ರಾಯ್ಡ್ ಅಪ್‌ಗ್ರೇಡ್’ ಎನ್ನುವುದೇ ಬೇರೆ, ‘ನಾಲ್ಕು ವರ್ಷ ಭದ್ರತಾ ಅಪ್‌ಡೇಟ್’ ಎನ್ನುವುದೇ ಬೇರೆ. ಮೊದಲನೆಯದರಿಂದ ಹೊಸ ಸೌಲಭ್ಯ, ಹೊಸ ರೂಪ ಬರುತ್ತವೆ. ಎರಡನೆಯದು ಫೋನಿನ ಒಳಬಾಗಿಲುಗಳನ್ನು ಭದ್ರ ಮಾಡುತ್ತದೆ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಯಾವುದಿದೆ ಎಂದು ಗಮನಿಸಿ. ನಮಗೆ ಹೆಚ್ಚು ಬೇಕಾದ್ದು ಎರಡನೆಯದು.

ಈ ವಿಷಯದಲ್ಲಿ ಕೆಲವು ವರ್ಷಗಳಿಂದ ಗಾಳಿ ಒಳ್ಳೆಯ ಕಡೆಗೆ ಬೀಸುತ್ತಿದೆ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷದ ಭರವಸೆ ಕೊಟ್ಟವು. ಅವು ದುಬಾರಿ ಫೋನುಗಳು ಎಂದು ನಿಟ್ಟುಸಿರು ಬಿಡಬೇಕಿಲ್ಲ. 2024ರಲ್ಲೇ ಬಂದ ಗ್ಯಾಲಕ್ಸಿ ಎ16 ಎಂಬ ಸಾಧಾರಣ ಬೆಲೆಯ 5ಜಿ ಫೋನಿಗೂ ಆರು ವರ್ಷ ಎಂದರು. ಆ್ಯಪಲ್ 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಒಂದು ಭದ್ರತಾ ಅಪ್‌ಡೇಟ್ ಕಳಿಸಿತ್ತು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ, ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಎಂದು ತಯಾರಕರು ಬಹಿರಂಗವಾಗಿ ಹೇಳಲೇಬೇಕು. ಯುರೋಪಿಯನ್ ಒಕ್ಕೂಟದ 2025ರ ಜೂನ್ 20ರಿಂದ ಜಾರಿಯಾದ ನಿಯಮ ಇನ್ನೂ ಮುಂದೆ ಹೋಗಿದೆ. ಒಂದು ಮಾಡೆಲಿನ ಕೊನೆಯ ಫೋನನ್ನು ಮಾರುಕಟ್ಟೆಗೆ ಬಿಟ್ಟ ಮೇಲೂ ಐದು ವರ್ಷ ಅಪ್‌ಡೇಟ್ ಕೊಡಬೇಕು, ಏಳು ವರ್ಷ ಬಿಡಿಭಾಗ ಸಿಗಬೇಕು ಎನ್ನುತ್ತದೆ ಅದು. ಕೊಳ್ಳುವ ದಿನಕ್ಕೆ ಬೆಲೆ ಕೊಡುವ ಈ ನಿಯಮವೇ ನ್ಯಾಯವಾದದ್ದು, ನಮ್ಮಲ್ಲೂ ಬರಬೇಕು. ನಮ್ಮ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರಿಪೇರಿಯ ಹಕ್ಕು’ ಎಂಬ ಪೋರ್ಟಲ್ ತೆರೆದಿದೆ. ರಿಪೇರಿ, ವಾರಂಟಿಯ ವಿವರ ಅಲ್ಲಿ ಸಿಗುತ್ತದೆ. ಹೇಳಿದ ಮಾತಿಗೆ ಕಂಪನಿ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಅದಕ್ಕೆ ಬಿಲ್ ಬೇಕು, ಜಾಹೀರಾತಿನ ಭರವಸೆಯ ಸ್ಕ್ರೀನ್‌ಶಾಟ್ ಇದ್ದರೆ ಇನ್ನೂ ಒಳ್ಳೆಯದು.

ಫೋನನ್ನು ಎಲ್ಲಿ ಕೊಂಡದ್ದು ಎಂಬುದನ್ನೂ ನೋಡಬೇಕು. ಅಮೆರಿಕದಲ್ಲಿರುವ ಮಕ್ಕಳು ರಜೆಗೆ ಬರುವಾಗ ಅಪ್ಪ-ಅಮ್ಮನಿಗೆ ಐಫೋನ್ ತರುವುದು ಈಗ ಮಾಮೂಲು. 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ ಸಿಮ್ ತೂರಿಸುವ ಜಾಗವೇ ಇಲ್ಲ, ಇ-ಸಿಮ್ ಒಂದೇ ದಾರಿ. ಜಿಯೊ, ಏರ್‌ಟೆಲ್, ವಿ ಮೂರೂ ಇ-ಸಿಮ್ ಕೊಡುತ್ತವೆ. ಆದರೆ ಅಮ್ಮನ ಹಳೆಯ ನಂಬರನ್ನು ಇ-ಸಿಮ್‌ಗೆ ಬದಲಿಸುವ ಕೆಲಸವನ್ನು ಮಕ್ಕಳು ಊರಲ್ಲಿರುವಾಗಲೇ ಮುಗಿಸಬೇಕು. ಅವರು ವಿಮಾನ ಹತ್ತಿದ ಮೇಲೆ ಫೋನಿನಲ್ಲಿ ಹೇಳಿಕೊಟ್ಟು ಮಾಡಿಸುವ ಕೆಲಸ ಅದಲ್ಲ.

ಹಳೆಯ ಲ್ಯಾಪ್‌ಟಾಪು, ಡಿ.ಟಿ.ಪಿ. ಅಂಗಡಿಯ ಕಂಪ್ಯೂಟರು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗೆಂದು ಕಂಪ್ಯೂಟರು ನಿಂತುಹೋಗುವುದಿಲ್ಲ. ವಿಂಡೋಸ್ 7ರ ಕಥೆ ನೋಡಿದರೆ ಮುಂದಿನ ದಾರಿ ಅಂದಾಜಾಗುತ್ತದೆ. ಅದರ ಬೆಂಬಲ 2020ರ ಜನವರಿಯಲ್ಲಿ ಮುಗಿಯಿತು, ಕ್ರೋಮ್ ಬ್ರೌಸರ್ ಅದನ್ನು ಕೈಬಿಟ್ಟಿದ್ದು 2023ರ ಫೆಬ್ರುವರಿಯಲ್ಲಿ. ಮೂರು ವರ್ಷ ನಡೆಯಿತು. ಆದರೆ ಆ ಮೂರು ವರ್ಷವೂ ಸಿಸ್ಟಮ್ಮಿನ ಒಳಗಿನ ದೋಷಗಳು ಹಾಗೆಯೇ ಉಳಿದಿದ್ದವು.

ನಿಮ್ಮ ಲ್ಯಾಪ್‌ಟಾಪು ವಿಂಡೋಸ್ 11ಕ್ಕೆ ಏರಬಲ್ಲದೇ ಎಂದು ಕಂಡುಕೊಳ್ಳಲು ಪ್ರೊಸೆಸರ್ ಹೆಸರು ಓದಿದರೆ ಬಹುಮಟ್ಟಿಗೆ ಸಾಕು. ‘ಐ5-7200ಯು’ ಎಂದಿದ್ದರೆ ಅಡ್ಡಗೆರೆಯ ನಂತರದ 7 ಎಂದರೆ ಏಳನೇ ಪೀಳಿಗೆ. ‘ಐ5-8250ಯು’ ಎಂದಿದ್ದರೆ ಎಂಟನೆಯದು. ಇಂಟೆಲ್‌ನಲ್ಲಿ ಎಂಟನೇ ಪೀಳಿಗೆಯಿಂದ ಈಚಿನವಕ್ಕೆ ಅವಕಾಶವಿದೆ, ಏಳನೆಯದಕ್ಕೆ ಒಂದೆರಡು ಅಪವಾದ ಬಿಟ್ಟರೆ ಇಲ್ಲ. ಅದರ ಜತೆ ಟಿಪಿಎಂ 2.0 ಎಂಬ ಭದ್ರತಾ ಭಾಗ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಪರಿಚಯದವರು ‘ಹೇಗಾದರೂ ಮಾಡಿ ಹಾಕಿಕೊಡ್ತೀನಿ’ ಎಂದು ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಸಲು ಮುಂದಾದರೆ ಬೇಡ ಎನ್ನಿ. ಮುಂದಿನ ಅಪ್‌ಡೇಟುಗಳಿಗೆ ಖಾತರಿ ಇರುವುದಿಲ್ಲ.

ಏರಲಾರದ ಕಂಪ್ಯೂಟರನ್ನು ಎಸೆಯಬೇಕಾಗಿಲ್ಲ. ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗಿ ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ ಅದಕ್ಕೆ ಹಣ ಕೊಡಬೇಕಿಲ್ಲ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರುವ ಕೊಂಡಿ ಬರುತ್ತದೆ. ಅದರಾಚೆಗೆ ಲಿನಕ್ಸ್ ಮಿಂಟ್ ಎಂಬ ಬೇರೊಂದು ಕಾರ್ಯವ್ಯವಸ್ಥೆ ಇದೆ. ಬ್ರೌಸರ್, ಇಮೇಲ್, ಪತ್ರ ಬರೆಯುವುದು, ಮಕ್ಕಳ ಪಾಠದ ವಿಡಿಯೊ, ಇಷ್ಟೇ ಕೆಲಸವಿರುವ ಮನೆಗೆ ಅದು ಧಾರಾಳ ಸಾಕು. ಅದರಲ್ಲಿ ಕನ್ನಡ ಟೈಪ್ ಮಾಡಲು ಐಬಸ್ ಎಂಬ ಸವಲತ್ತಿನಲ್ಲಿ, ನುಡಿ ತಂತ್ರಾಂಶ ಬಳಸಿದವರಿಗೆ ಕೈಗೆ ಬಂದಿರುವ ಕೆಜಿಪಿ ಕೀಲಿಮಣೆಯೇ ಸಿಗುತ್ತದೆ. ಮೊದಲು ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಿ ನೋಡಬಹುದು. ವೈ-ಫೈ, ಪ್ರಿಂಟರ್ ಸರಿ ನಡೆಯುತ್ತವೆ ಎಂದು ಖಾತ್ರಿಯಾದ ಮೇಲೆ ಒಳಗೆ ಹಾಕಿದರಾಯಿತು. ಹಾಕುವ ಮೊದಲು ಫೋಟೊ, ದಾಖಲೆಗಳನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರಂತೂ ಆ ಲ್ಯಾಪ್‌ಟಾಪಿನ ವೇಗವೇ ಬೇರೆ.

ವಿಂಡೋಸ್ ಬಿಡಲಾರದವರು ನಮ್ಮಲ್ಲಿ ಬಹಳ ಮಂದಿ. ಅವರ ಪೈಕಿ ನನಗೆ ಹೆಚ್ಚು ಕಾಳಜಿ ಇರುವುದು ತಾಲ್ಲೂಕು ಕೇಂದ್ರಗಳ ಡಿ.ಟಿ.ಪಿ. ಅಂಗಡಿಗಳ ಬಗ್ಗೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘದ ವಾರ್ಷಿಕ ವರದಿ, ಊರಿನ ಕವಿಯ ಮೊದಲ ಸಂಕಲನ, ಎಲ್ಲವೂ ಹುಟ್ಟುವುದು ಅಲ್ಲೇ. ಆ ಅಂಗಡಿಗಳಲ್ಲಿ ಎಷ್ಟೋ ಕಡೆ ಇವತ್ತಿಗೂ ನಡೆಯುತ್ತಿರುವುದು ಪೇಜ್‌ಮೇಕರ್ 7. ಅದು 2001ರ ತಂತ್ರಾಂಶ, ಯುನಿಕೋಡ್ ಅದಕ್ಕೆ ತಿಳಿಯದು. ಅದರ ಜತೆ ನುಡಿಯ ಅಥವಾ ಶ್ರೀಲಿಪಿಯ ಹಳೆಯ ಫಾಂಟು. ಇಪ್ಪತ್ತು ವರ್ಷದ ಫೈಲುಗಳು ಆ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ. ಅದೇ ಕಂಪ್ಯೂಟರಿನಲ್ಲಿ ಗಿರಾಕಿಯ ವಾಟ್ಸ್‌ಆ್ಯಪ್ ತೆರೆದು ಫೋಟೊ ಇಳಿಸುವುದೂ ನಡೆದಿರುತ್ತದೆ. ಫೈಲುಗಳನ್ನೆಲ್ಲ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಒಮ್ಮೆ ಹೊಕ್ಕರೆ ಇಪ್ಪತ್ತು ವರ್ಷವೂ ಹೋಯಿತು.

ಅಂಥ ಅಂಗಡಿಗೆ ನನ್ನ ಸಲಹೆ ಇದು. ಪೇಜ್‌ಮೇಕರ್ ಇರುವ ಕಂಪ್ಯೂಟರಿನಿಂದ ಇಂಟರ್ನೆಟ್ ತಂತಿಯನ್ನು ಕಿತ್ತುಬಿಡಿ, ವೈ-ಫೈ ಆಫ್ ಮಾಡಿ. ಅದು ಪುಟ ಕಟ್ಟುವುದಕ್ಕೆ ಮಾತ್ರ. ಇಮೇಲ್, ವಾಟ್ಸ್‌ಆ್ಯಪ್, ಸೇವಾಸಿಂಧು ಅರ್ಜಿ ಇತ್ಯಾದಿಗೆ ಇನ್ನೊಂದು ಕಂಪ್ಯೂಟರ್ ಇರಲಿ. ಎರಡರ ನಡುವೆ ಓಡಾಡಲು ಒಂದೇ ಒಂದು ಪೆನ್‌ಡ್ರೈವ್, ಅದನ್ನು ಗಿರಾಕಿಗಳಿಗೆ ಕೊಡಬೇಡಿ. ವಾರಕ್ಕೊಮ್ಮೆ ಎಲ್ಲ ಫೈಲುಗಳ ಪ್ರತಿ ಹೊರಗಿನ ಡಿಸ್ಕಿಗೆ, ಆ ಡಿಸ್ಕು ಮನೆಗೆ.

ಬಿಡುವಿದ್ದಾಗ ಮುಖ್ಯವಾದ ಹಳೆಯ ಫೈಲುಗಳನ್ನು ಯುನಿಕೋಡ್‌ಗೆ ಬದಲಿಸುತ್ತ ಹೋಗಿ. ಪರಿವರ್ತಕಗಳು ನುಡಿ, ಬರಹ ತಂತ್ರಾಂಶಗಳೆರಡರಲ್ಲೂ ಇವೆ. ಬದಲಿಸಿದ ಮೇಲೆ ಅರ್ಕಾವತ್ತನ್ನು ವಿಶೇಷವಾಗಿ ನೋಡಿ. ಹಳೆಯ ಫಾಂಟುಗಳಲ್ಲಿ ‘ಕರ್ತ’ ಎನ್ನುವಾಗ ಅರ್ಕಾವತ್ತಿನ ಚಿಹ್ನೆ ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಕ್ಷರದ ನಂತರ ದಾಖಲಾಗಿರುತ್ತದೆ. ಯುನಿಕೋಡ್ ದಾಖಲಿಸುವುದು ಉಚ್ಚಾರದ ಕ್ರಮದಲ್ಲಿ, ‘ರ್’ ಮೊದಲು. ಪರಿವರ್ತಕ ಇದನ್ನು ತಿರುಗಿಸಿ ಕೂರಿಸಬೇಕು. ಎರಡು ಒತ್ತು ಇರುವ ಪದಗಳಲ್ಲಿ, ಹಳೆಗನ್ನಡ ಪಠ್ಯದಲ್ಲಿ ತಪ್ಪು ನುಸುಳುತ್ತದೆ. ಆದ್ದರಿಂದ ಯುನಿಕೋಡ್ ಪ್ರತಿಯ ಜತೆಗೆ ಮೂಲದ ಪಿಡಿಎಫ್ ಪ್ರತಿಯನ್ನೂ ಇಡಿ, ಯಾವುದು ಸರಿ ಎಂದು ಮುಂದೊಂದು ದಿನ ಹೋಲಿಸಿ ನೋಡಲು ಅದೇ ಆಧಾರ. ಬದಲಾಗುವ ತಂತ್ರಜ್ಞಾನ ನಮ್ಮ ಭಾಷೆಗೆ ಕೊಟ್ಟದ್ದೂ ಕಡಿಮೆಯಲ್ಲ. 2012ರ ಆಂಡ್ರಾಯ್ಡ್ 4.1ಕ್ಕೆ ಮೊದಲು ಬಹುತೇಕ ಫೋನುಗಳಲ್ಲಿ ಕನ್ನಡ ಖಾಲಿ ಚೌಕಗಳಾಗಿ ಕಾಣುತ್ತಿತ್ತು. ಇವತ್ತು ಕನ್ನಡದಲ್ಲಿ ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದೆ. ಈ ಸುಖ ಹಳೆಯ ಫೈಲುಗಳಿಗೂ ಸಿಗಬೇಕಾದರೆ ಅವು ಯುನಿಕೋಡ್‌ನಲ್ಲಿ ಇರಬೇಕು.

ಟಿ.ವಿ., ರೌಟರ್

ಟಿ.ವಿ.ಯ ಪರದೆ ಹತ್ತು ವರ್ಷ ಬಾಳೀತು, ಅದರೊಳಗಿನ ‘ಸ್ಮಾರ್ಟ್’ ಭಾಗ ಅಷ್ಟು ಬಾಳುವುದಿಲ್ಲ. 2010-11ರ ಕೆಲವು ಸ್ಯಾಮ್‌ಸಂಗ್ ಟಿ.ವಿ.ಗಳಿಂದ ನೆಟ್‌ಫ್ಲಿಕ್ಸ್ 2019ರ ಡಿಸೆಂಬರ್‌ನಲ್ಲಿ ಹೊರಬಂದಿತ್ತು. ಆದ್ದರಿಂದ ಟಿ.ವಿ. ಕೊಳ್ಳುವಾಗ ಚಿತ್ರ, ಧ್ವನಿ, ಎಚ್‌ಡಿಎಂಐ ಕಿಂಡಿಗಳ ಸಂಖ್ಯೆಗೆ ದುಡ್ಡು ಹಾಕಿ. ಮೂರು ಕಿಂಡಿಗಳಿರಲಿ. ಒಳಗಿನ ಆ್ಯಪ್‌ಗಳು ನಿಧಾನವಾದಾಗ ಎಚ್‌ಡಿಎಂಐಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿ, ಟಿ.ವಿ.ಯ ಸ್ವಂತ ಇಂಟರ್ನೆಟ್ ಸಂಪರ್ಕ ಕಡಿದುಹಾಕಿ. ಬದಲಾಗುವ ಭಾಗ ಅಗ್ಗದ್ದಾಗಿರಲಿ, ಬಾಳುವ ಭಾಗ ಒಳ್ಳೆಯದಾಗಿರಲಿ.

ಫೈಬರ್ ಸಂಪರ್ಕದ ರೌಟರನ್ನು ಹಾಕಿದ ದಿನವೇ ಮರೆತುಬಿಡುವವರು ಹೆಚ್ಚು. ಹಾಕಲು ಬಂದ ಹುಡುಗ ಹೊರಡುವ ಮುನ್ನ ಅವನ ಕೈಯಲ್ಲೇ ಅಡ್ಮಿನ್ ಪಾಸ್‌ವರ್ಡ್ ಬದಲಿಸಿಕೊಳ್ಳಿ. ವೈ-ಫೈ 6 ಅಥವಾ 7 ಎಂದು ಹೆಚ್ಚು ಹಣ ಕೇಳಿದರೆ, ನಿಮ್ಮ ಫೋನು-ಲ್ಯಾಪ್‌ಟಾಪುಗಳಿಗೆ ಅದು ಇದೆಯೇ ಎಂದು ಮೊದಲು ನೋಡಿ. ದಪ್ಪ ಗೋಡೆಯ ಹಳೆಯ ಮನೆಯಲ್ಲಿ ಒಳಕೋಣೆಗೆ ಸಿಗ್ನಲ್ ಬಾರದಿದ್ದರೆ 2.4 ಗಿಗಾಹರ್ಟ್ಸ್‌ಗೆ ಬದಲಿಸಿ ನೋಡಿ. ವೇಗ ಸ್ವಲ್ಪ ಕಡಿಮೆ, ಗೋಡೆ ದಾಟುವ ಶಕ್ತಿ ಹೆಚ್ಚು.

ಪಾಸ್‌ವರ್ಡ್ ಹೋಗಿ ಪಾಸ್‌ಕೀ ಬರುತ್ತಿದೆ

ಹೊಸ ಫೋನು ಬೇಕೇ ಎಂಬ ಪ್ರಶ್ನೆಗೆ ಇನ್ನೊಂದು ಕಾರಣ ಸೇರಿಕೊಂಡಿದೆ. ಗೂಗಲ್ ಖಾತೆಗೆ 2023ರ ಮೇ ತಿಂಗಳಿಂದ ಪಾಸ್‌ವರ್ಡ್ ಇಲ್ಲದೆ ಬೆರಳೊತ್ತಿನಿಂದಲೇ ಒಳಹೋಗಬಹುದು. ಇದೇ ಪಾಸ್‌ಕೀ. ಇದರಲ್ಲಿ ಗುಟ್ಟಿನ ಕೀಲಿ ನಿಮ್ಮ ಬಳಿಯೇ ಉಳಿಯುತ್ತದೆ, ತಾಣಕ್ಕೆ ಹೋಗುವುದಿಲ್ಲ. ಆ ಕೀಲಿ ಅಸಲಿ ವಿಳಾಸಕ್ಕೆ ಮಾತ್ರ ಹೊಂದುತ್ತದೆ. ಒಂದಕ್ಷರ ತಿರುಚಿದ ನಕಲಿ ಬ್ಯಾಂಕ್ ತಾಣಕ್ಕೆ ನೀವು ಮೋಸಹೋದರೂ ನಿಮ್ಮ ಫೋನು ಮೋಸಹೋಗುವುದಿಲ್ಲ. ಒಟಿಪಿ ಕೇಳಿ ಹಣ ಲಪಟಾಯಿಸುವವರ ಕಾಟದಲ್ಲಿ ನಲುಗುತ್ತಿರುವ ನಮ್ಮ ಹಿರಿಯರಿಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಹಣದ ವ್ಯವಹಾರದಲ್ಲೂ ಎಸ್‌ಎಂಎಸ್ ಒಟಿಪಿಯಾಚೆಗಿನ ವಿಧಾನಗಳಿಗೆ ಹಾದಿ ಮಾಡುವ ನಿರ್ದೇಶನವನ್ನು ರಿಸರ್ವ್ ಬ್ಯಾಂಕ್ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಹೊರಡಿಸಿದೆ.

ಗೂಗಲ್ ಪಾಸ್‌ಕೀಗೆ ಆಂಡ್ರಾಯ್ಡ್ 9 ಅಥವಾ ಐಓಎಸ್ 16 ಆದರೂ ಬೇಕು. ಸೈಬರ್ ಸೆಂಟರಿನ, ಕಚೇರಿಯ, ಹಂಚಿಕೊಂಡ ಕಂಪ್ಯೂಟರಿನಲ್ಲಿ ಪಾಸ್‌ಕೀ ಮಾಡಬೇಡಿ. ಫೋನು ಕಳೆದರೆ ಖಾತೆ ಮರಳಿ ಪಡೆಯಲು ಮನೆಯ ಇನ್ನೊಬ್ಬರ ನಂಬರನ್ನೂ ಒಂದು ಇಮೇಲನ್ನೂ ಈಗಲೇ ಸೇರಿಸಿಡಿ. ಹಣ ಹೋಗಿಯೇಬಿಟ್ಟರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ, ಮೊದಲ ಗಂಟೆಗಳಲ್ಲಿ ಮಾಡಿದ ಕರೆಗೆ ಬೆಲೆ ಹೆಚ್ಚು.

ಸ್ಮಾರ್ಟ್‌ಫೋನೇ ಬೇಡ, ಕೀಪ್ಯಾಡೇ ಸಾಕು ಎನ್ನುವ ಹಿರಿಯರನ್ನು ಒತ್ತಾಯಿಸುವ ಅಗತ್ಯ ಇಲ್ಲ. ಅವರಿಗೆಂದೇ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಬಂದಿದೆ. ಇಂಟರ್ನೆಟ್ ಇಲ್ಲದೆ ಕರೆಯ ಮೂಲಕವೇ ಹಣ ಕಳಿಸಬಹುದು, ಒಂದು ಸಲಕ್ಕೆ 10,000 ರೂಪಾಯಿವರೆಗೆ. ಅರ್ಜಿ, ಪಹಣಿಯಂಥ ಕೆಲಸಕ್ಕೆ ಗ್ರಾಮ ಒನ್ ಕೇಂದ್ರಗಳಿವೆ.

ಹಳೆಯದನ್ನು ಕೊಳ್ಳುವಾಗ, ಕೊಡುವಾಗ

ಸೆಕೆಂಡ್‌ಹ್ಯಾಂಡ್ ಫೋನು ಕೊಳ್ಳುವುದು ತಪ್ಪಲ್ಲ. ಮೂರು ವರ್ಷದ ಹಿಂದಿನ ಒಳ್ಳೆಯ ಫೋನಿಗೆ, ಈಗ ಹೊಸದಾಗಿ ಬಂದ ಅಗ್ಗದ ಫೋನಿಗಿಂತ ಹೆಚ್ಚು ಅಪ್‌ಡೇಟ್ ಬಾಕಿ ಇರಬಹುದು. ಮೇಲೆ ಹೇಳಿದ ಲೆಕ್ಕವನ್ನೇ ಇಲ್ಲೂ ಹಾಕಿ. ಹಣ ಕೊಡುವ ಮೊದಲು *#06# ಒತ್ತಿ 15 ಅಂಕಿಯ ಐಎಂಇಐ ನೋಡಿ, ಅದನ್ನು ಸಂಚಾರ್ ಸಾಥಿ ಪೋರ್ಟಲಿನಲ್ಲಿ ಹಾಕಿದರೆ ಕಳುವಿನ ಮಾಲೆಂದು ತಡೆಹಿಡಿದದ್ದೋ ಅಲ್ಲವೋ ತಿಳಿಯುತ್ತದೆ. ಕಳೆದ ಫೋನನ್ನು ಬಳಸಲಾಗದಂತೆ ತಡೆಯುವ ಸೌಲಭ್ಯವೂ ಅದೇ ಪೋರ್ಟಲಿನಲ್ಲಿದೆ. ಬಿಲ್ ಇಲ್ಲದ ಫೋನು, ಎಷ್ಟೇ ಅಗ್ಗವಾದರೂ, ಬೇಡ.

ನಿಮ್ಮ ಫೋನನ್ನು ಕೊಡುವಾಗ ಮೊದಲು ಫೋಟೊಗಳ ಪ್ರತಿ ಇಳಿಸಿಕೊಳ್ಳಿ, ವಾಟ್ಸ್‌ಆ್ಯಪ್ ಬ್ಯಾಕಪ್ ಮಾಡಿ, ಬ್ಯಾಂಕ್ ಆ್ಯಪ್‌ಗಳಿಂದ ಹೊರಬನ್ನಿ. ಆಮೇಲೆ ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಗೂಗಲ್ ಖಾತೆ ತೆಗೆದುಹಾಕಿ, ನಂತರ ಫ್ಯಾಕ್ಟರಿ ರಿಸೆಟ್. ಈ ಕ್ರಮ ತಪ್ಪಿದರೆ ಫೋನು ನಿಮ್ಮ ಹಳೆಯ ಖಾತೆಯ ಪಾಸ್‌ವರ್ಡನ್ನೇ ಕೇಳುತ್ತ ಕೂರಬಹುದು, ಆಗ ಪಡೆದವರಿಗೆ ಉಪಯೋಗಕ್ಕೆ ಬಾರದು. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿರಾ ಎಂದು ಮತ್ತೊಮ್ಮೆ ನೋಡಿ. ಯಾರಿಗೂ ಬೇಡವಾದ ಫೋನು ಮನೆಯ ಕಸದ ಬುಟ್ಟಿಗೆ ಹೋಗಕೂಡದು, ಅದನ್ನು ಇ-ತ್ಯಾಜ್ಯ ಪಡೆಯುವವರಿಗೆ ಕೊಡಬೇಕು. ಹಿಂಬದಿ ಉಬ್ಬಿದ್ದರೆ ಒಳಗಿನ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಮಕ್ಕಳ ಕೈಗೆ ಸಿಗದಂತೆ, ಉರಿಯುವ ವಸ್ತುಗಳಿಂದ ದೂರ ಇಟ್ಟು, ಆದಷ್ಟು ಬೇಗ ರಿಪೇರಿಯವರಿಗೆ ತಲುಪಿಸಿ.